ಬಾಗಿಲಪಟಕ್ಕೆ ಇನ್ನೂರು ಹೆಜ್ಜೆ

ಶಿವನು ನಮ್ಮೂರಿಗೆ ಏನು ಕೊಟ್ಟನೋ ಏನು ಬಿಟ್ಟನೋ, ಕಾಲಿಗೆ ಮಾತ್ರ ಬಿಡುವು ಕೊಡಲಿಲ್ಲ. ನಮ್ಮಲ್ಲಿ ಬರಿಗಾಲು ಬೀಳದ ನೆಲ ಕುಗ್ಗುತ್ತದೆ. ಮದುವೆಗೆಂದು ನಾಲ್ಕು ದಿನ ಪರಊರಿಗೆ ಹೋಗುವವರು ಪಕ್ಕದ ಮನೆಯವರ ಕೈಗೆ ಬೀಗದ ಕೈ ಕೊಟ್ಟು, "ನಮ್ಮ ಹಿತ್ತಿಲಿಗೂ ಒಂದಿಷ್ಟು ಕಾಲು ಹಾಕ್ರಿ" ಎಂದು ಹೇಳಿ ಬಸ್ಸು ಹತ್ತುತ್ತಾರೆ. ಇದಕ್ಕೆ ಕಾಲೆರವಲು ಅನ್ನುತ್ತೇವೆ. ಎರವಲು ಕೊಟ್ಟವರು ಮರೆತರೆ, ವಾಪಸು ಬಂದಾಗ ಹಿತ್ತಿಲ ನುಗ್ಗೆಮರ ಅಡಿಗೆಮನೆಯ ಕಿಟಕಿಗೆ ಆತು ನಿಂತಿರುತ್ತದೆ. ಜಗಳವಾಡಿ ಮಾತು ಬಿಟ್ಟ ಅಣ್ಣತಮ್ಮಂದಿರ ಮನೆಗಳ ನಡುವಿನ ಸಂದಿಯಲ್ಲಿ ಯಾರೂ ಓಡಾಡುವುದಿಲ್ಲವಾದ್ದರಿಂದ ಗೋಡೆಗೆ ಗೋಡೆ ಬಂದು ಕೂಡಿಕೊಳ್ಳುತ್ತದೆ. ಇವನು ಸೀನಿದ್ದು ಅವನಿಗೆ ಕೇಳಿ, ಅವನು ಗೊರಕೆ ಹೊಡೆದದ್ದು ಇವನಿಗೆ ಕೇಳಿ, ಕೊನೆಗೆ ಬೇರೆ ದಾರಿ ಕಾಣದೆ ರಾಜಿಯಾಗುತ್ತಾರೆ. ಚಪ್ಪಲಿ, ಬೂಟು ಇವು ಯಾವುವೂ ನೆಲದ ಲೆಕ್ಕಕ್ಕೆ ಇಲ್ಲ.

ನಾನು ಊರಂಚಿನ ಈಶ್ವರನ ಗುಡಿಯ ಪೂಜೆಯವನು. ಊರವರು ಅಯ್ನೋರು ಅನ್ನುತ್ತಾರೆ. ಭಕ್ತರ ಪ್ರದಕ್ಷಿಣೆಯಿಂದಲೇ ನನ್ನ ಗುಡಿಯ ಅಂಗಳ ಅಗಲವಾಗಿ ಉಳಿದಿರುವುದು. ಜನಕ್ಕೆ ಕಷ್ಟ ಕಡಿಮೆಯಾಗಿ ಭಕ್ತಿಯೂ ಕಡಿಮೆಯಾಗಿದ್ದ ಒಂದು ವರ್ಷ, ನಂದಿಯ ಮೂಗು ಗರ್ಭಗುಡಿಯ ಹೊಸ್ತಿಲಿಗೆ ತಾಗಿಬಿಟ್ಟಿತ್ತು. ಆಮೇಲೆ ಶಿವನೇ ದಯೆಯಿಟ್ಟು ಊರಿಗೆ ಒಂದು ಕೆಮ್ಮಿನ ಜಾಡ್ಯ ಕಳಿಸಿದ. ಅಂಗಳ ಅಗಲವಾಯಿತು.

ಗುಡಿಯ ಪಶ್ಚಿಮಕ್ಕೆ ಇರುವುದೇ ಬಯಲು. ಉದ್ದಕ್ಕೆ ಎಂಟುನೂರು ಹೆಜ್ಜೆ. ಅದರಾಚೆ ಕೆರೆ. ಬಯಲು ಯಾರದೂ ಅಲ್ಲ, ಆದ್ದರಿಂದ ಎಲ್ಲರದು. ಬೆಳಗ್ಗೆ ಜವಳಿ ಅಂಗಡಿಯ ಕೊಟ್ರೇಶಿ ಮತ್ತು ಅವನ ಬಳಗ ಹೊಟ್ಟೆ ಕರಗಿಸಲು ಬರಿಗಾಲಲ್ಲಿ ಸುತ್ತುತ್ತಿದ್ದರು. ಅವರ ಹೊಟ್ಟೆ ಇದ್ದಷ್ಟೇ ಇತ್ತು, ಬಯಲೂ ಇದ್ದಷ್ಟೇ ಇತ್ತು. ಸಂಜೆ ಕಬಡ್ಡಿಯವರು. ಆಷಾಢ ಬಂದರೆ ಗಾಳಿಪಟದವರು. ಗಾಳಿಪಟ ಎಂದರೆ ಮಕ್ಕಳಾಟ ಅಂದುಕೊಳ್ಳಬೇಡಿ. ನಮ್ಮಲ್ಲಿ ಮೊಮ್ಮಕ್ಕಳಿಗೆ ಪಟ ಮುಟ್ಟಲೂ ಕೊಡದ ಅಜ್ಜಂದಿರಿದ್ದಾರೆ.

ಅವರಲ್ಲೆಲ್ಲ ಹಿರಿಯ ಹೊನ್ನೂರಪ್ಪ. ವೃತ್ತಿಯಿಂದ ದರ್ಜಿ. ಅವನು ವರ್ಷಕ್ಕೊಂದು ಪಟ ಕಟ್ಟುತ್ತಾನೆ, ಬಾಗಿಲಷ್ಟು ಎತ್ತರ, ಬಾಗಿಲಷ್ಟು ಅಗಲ. ಅದಕ್ಕೇ ಬಾಗಿಲಪಟ ಅಂತ ಹೆಸರು. ಅದರ ತಲೆಗೆ ಬಿದಿರಿನ ಬಿಲ್ಲು ಕಟ್ಟಿ, ಬಿಲ್ಲಿಗೆ ತಾಳೆಗರಿಯ ಪಟ್ಟಿ ಬಿಗಿದಿರುತ್ತಾನೆ. ಪಟ ಮೇಲೇರಿದರೆ ಆ ಪಟ್ಟಿ ಗುಂಯ್ ಎಂದು ಮೊರೆಯುತ್ತದೆ. ಇಡೀ ಊರಿಗೆ ಕೇಳುತ್ತದೆ. ಅಷ್ಟು ಭಾರದ ಪಟ ಸುಮ್ಮನೆ ಏಳುವುದಿಲ್ಲ. ಒಬ್ಬರು ಹಿಂದೆ ಎತ್ತಿ ಹಿಡಿಯಬೇಕು, ಹೊನ್ನೂರಪ್ಪ ದಾರ ಹಿಡಿದು ಗಾಳಿಗೆ ಎದುರಾಗಿ ಇನ್ನೂರು ಹೆಜ್ಜೆ ಓಡಬೇಕು. ನೂರ ತೊಂಬತ್ತಕ್ಕೆ ಅದು ಮೂಗು ಎತ್ತುತ್ತದೆ, ಇನ್ನೂರಕ್ಕೆ ಏಳುತ್ತದೆ. ಅದರ ಹಟವೇ ಹಾಗೆ.

ಆ ಮೊರೆತ ಊರಿಗೆಲ್ಲ ಕೇಳಿದರೂ, ಅದು ಇದ್ದದ್ದು ಒಬ್ಬಳಿಗಾಗಿ. ಹೊನ್ನೂರಪ್ಪನ ಹೆಂಡತಿ ಹಾಲವ್ವ. ಮೊದಲು ಪಟ ಕಟ್ಟುತ್ತಿದ್ದವಳು ಅವಳೇ. ಕಣ್ಣು ಮಂಜಾಗುತ್ತ ಮಂಜಾಗುತ್ತ ಹನ್ನೊಂದು ವರ್ಷದ ಹಿಂದೆ ಪೂರ್ತಿ ಹೋಯಿತು. ಅಂದಿನಿಂದ ಆಷಾಢ ಏಕಾದಶಿಯ ದಿನ ಅಂಗಳದಲ್ಲಿ ಕೂತು ಕಿವಿಯಿಂದಲೇ ಪಟ ನೋಡುತ್ತಾಳೆ. ಗಂಡ ಮನೆಗೆ ಬಂದಾಗ, "ಏನ್ರೀ, ಬಲಗಡೆ ಸೂತ್ರ ಒಂದು ಕೂದಲೆಳೆ ಜಾಸ್ತಿ ಬಿಗಿದಿದ್ರಲ್ಲ" ಅನ್ನುತ್ತಾಳೆ. ಅವನು ಹೋಗಿ ಅಳೆದು ನೋಡಿದರೆ ಹೌದು. ವರ್ಷಕ್ಕೆ ಅವಳು ನೋಡುವುದು ಅದೊಂದೇ.

ಹೀಗಿರುವಾಗ ಊರಿಗೆ ಹೊಸ ಸಾಹೇಬರು ಬಂದರು. ಪುರಸಭೆಯ ಮುಖ್ಯಾಧಿಕಾರಿ, ಪರಊರಿನವರು, ಬೂಟು ಬಿಚ್ಚದವರು. ಯುಗಾದಿಯಾದ ವಾರಕ್ಕೆ ಬಯಲಿನ ಸುತ್ತ ಕಂಬ ನೆಟ್ಟು ಮುಳ್ಳುತಂತಿ ಬಿಗಿಸಿದರು. ಕಾವಲಿಗೆ ಬೂಟು ಹಾಕಿದ ಇಬ್ಬರನ್ನು ನೇಮಿಸಿದರು. ಬಾಗಿಲಿಗೆ ಬೋರ್ಡು ಹಾಕಿಸಿದರು: 'ಇದು ಸಾರ್ವಜನಿಕ ಸ್ಥಳ. ಸಾರ್ವಜನಿಕರಿಗೆ ಪ್ರವೇಶವಿಲ್ಲ.' ನಾನು ಹೋಗಿ ಕೈಮುಗಿದು, "ಯಾಕೆ ಸಾಹೇಬರೆ?" ಎಂದೆ.

"ರಕ್ಷಣೆಗೆ ಸ್ವಾಮಿ" ಅಂದರು. "ದಿನಾ ಇಷ್ಟು ಜನ ತುಳಿದರೆ ನೆಲ ಏನಾಗಬೇಡ?"

ಏನಾಗುತ್ತದೆಂದು ಹೇಳಿದೆ. ಅವರು ನಕ್ಕು, ಪ್ರಸಾದ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಮೇಜಿನ ಡ್ರಾಯರಿನೊಳಗೆ ಇಟ್ಟರು. ಓದಿದವರು ನಂಬಿಕೆಗೆ ತೋರಿಸುವ ಗೌರವ ಯಾವತ್ತೂ ಹೀಗೆಯೇ ಡ್ರಾಯರಿನಲ್ಲಿರುತ್ತದೆ.

ಊರು ಸುಮ್ಮನೆ ಕೂರಲಿಲ್ಲ, ಅದನ್ನು ಹೇಳಲೇಬೇಕು. ಊರು ಸಂಘ ಕಟ್ಟಿತು. 'ಬಯಲು ಉಳಿಸಿ ಹವ್ಯಾಸಿಗಳ ಸಂಘ'. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ತರು ಮರುಳಸಿದ್ದಪ್ಪನವರು. ಅವರಿಗೆ ಬಯಲಿನಲ್ಲಿ ಯಾವ ಹವ್ಯಾಸವೂ ಇರಲಿಲ್ಲ, ಅಧ್ಯಕ್ಷತೆಯೇ ಹವ್ಯಾಸ. ಸಭೆಗಳು ನನ್ನ ಗುಡಿಯ ಜಗಲಿಯ ಮೇಲೆ. ಮಂಗಳಾರತಿಗೆ ಎಂದೂ ಇಲ್ಲದಷ್ಟು ಜನ. ಸುಳ್ಳೇಕೆ, ನನಗೂ ಖುಷಿಯಾಗಿತ್ತು. ಹೆಸರಿನಲ್ಲಿ 'ಉಳಿಸಿ' ಇರಬೇಕೋ 'ರಕ್ಷಿಸಿ' ಇರಬೇಕೋ ಎಂದು ಮೂರು ಸಭೆ ನಡೆದವು. ಕಬಡ್ಡಿ ಹವ್ಯಾಸವೋ ಕ್ರೀಡೆಯೋ ಎಂಬುದಕ್ಕೆ ಒಂದು ಉಪಸಮಿತಿಯಾಯಿತು. ಅದು ಇನ್ನೂ ವರದಿ ಕೊಟ್ಟಿಲ್ಲ.

ನಾಲ್ಕನೆಯ ಸಭೆಯಲ್ಲಿ ಹೊನ್ನೂರಪ್ಪ ಎದ್ದು ನಿಂತ. ಅವನು ಎದ್ದು ನಿಂತದ್ದೇ ಒಂದು ವಿಶೇಷ, ದರ್ಜಿ ಕೆಲಸದವನಿಗೆ ಕೂತೇ ಮಾತಾಡಿ ಅಭ್ಯಾಸ.

"ಮೇಷ್ಟ್ರೆ, ಮಾತು ಆಮೇಲಾಡಣ. ಬೇಲಿ ಆ ಹುಣಸೆಮರದ ಹತ್ರ ಸಡ್ಲ ಐತೆ. ಚಪ್ಲಿ ಬಿಟ್ಟು ಎಲ್ರೂ ಒಳಿಕ್ಕೆ ನುಗ್ಗಿ ದಿನಾ ಒಂದು ಸುತ್ತು ಹಾಕ್ಬರಣ. ನಿನ್ನೆ ಹೊರಗಿಂದ ಎಣಿಸ್ದೆ. ಏಳ್ನೂರ ಅರವತ್ತಕ್ಕೆ ಬಂದೈತೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಶಾಲೆಯಲ್ಲಿ ಹೊಡೆಯುವ ಮುಂಚೆಯೂ ಹಾಗೇ ಮಾಡುತ್ತಿದ್ದರು. "ಹೊನ್ನೂರಪ್ಪ, ನಿನ್ನ ಕಳಕಳಿ ಅರ್ಥ ಆಯ್ತು. ಆದ್ರೆ ನಾವು ಕಳ್ಳರಂಗೆ ನುಗ್ಗಿದ್ರೆ ನಮ್ಮ ಬೇಡಿಕೆಗೆ ಏನು ಬೆಲೆ? ಸಾಹೇಬ್ರು ಏನಂತಾರೆ? ನಮ್ಮ ಹೋರಾಟ ಶುದ್ಧ ಇರ್ಬೇಕು. ಅನುಮತಿ ಸಿಗೋವರೆಗೂ ನಮ್ಮ ಒಬ್ಬ ಸದಸ್ಯನೂ ಆ ಬಯಲಲ್ಲಿ ಒಂದು ಹೆಜ್ಜೆ ಇಡಬಾರ್ದು."

"ಅಲ್ಲ ಮೇಷ್ಟ್ರೆ, ಹೆಜ್ಜೆ ಇಡದೇ ಇದ್ರೆ..."

"ಅರ್ಜಿ ಕೊಟ್ಟೀವಿ, ಎಂಟು ದಿನದ ಮಾತು ಮಾರಾಯ. ಅಷ್ಟು ದೊಡ್ಡ ಬಯಲು, ಎಂಟು ದಿನ ತಡೆಯಲ್ವ?"

ಚಪ್ಪಾಳೆ ಬಿತ್ತು. ಕೊಟ್ರೇಶಿ ಎದ್ದು, ಬರೀ ಠರಾವು ಸಾಲದು, ಈಶ್ವರನ ಮುಂದೆ ಬಿಲ್ವಪತ್ರೆ ಹಿಡಿದು ಆಣೆಯಾಗಬೇಕು ಅಂದ. ಎರಡನೆಯ ಚಪ್ಪಾಳೆ ಇನ್ನೂ ಜೋರು. ಪತ್ರೆ ಹಂಚಿದವನು ನಾನು. ನಲವತ್ತಮೂರು ಜನ ಒಂದೇ ದನಿಯಲ್ಲಿ, ಬಯಲು ಉಳಿಸುವುದಕ್ಕಾಗಿ ಬಯಲನ್ನು ತುಳಿಯುವುದಿಲ್ಲ ಎಂದು ಆಣೆಯಿಟ್ಟರು. ಬರಿಗಾಲಿಂದಲೇ ನೆಲ ಬದುಕುವ ಊರಿನಲ್ಲಿ! ಗುಂಪಿನ ನಡುವೆ ಹೊನ್ನೂರಪ್ಪನ ಕೈಯಲ್ಲೂ ಪತ್ರೆ ಇತ್ತು. ಎಲ್ಲರ ಜೊತೆ ಅವನ ತುಟಿಯೂ ಅಲ್ಲಾಡಿತು. ಲಿಂಗದ ಮೇಲಿನ ಹೂವು ಆಗ ಎಡಕ್ಕೆ ಬಿತ್ತು. ನಾನು ಅದನ್ನು ಎತ್ತಿ ಯಾರಿಗೂ ಕಾಣದಂತೆ ಬಲಕ್ಕಿಟ್ಟೆ.

ಎಂಟು ದಿನ ಹೋಗಿ ಮೂವತ್ತಾಯಿತು. ಅರ್ಜಿಗೆ ಉತ್ತರ ಬಂತು, ಅರ್ಜಿ ತಲುಪಿದೆ ಅಂತ. ಮೇಷ್ಟ್ರು ಅದನ್ನು ಮೊದಲ ಗೆಲುವು ಎಂದು ಸಾರಿ ಮಂಡಕ್ಕಿ ಹಂಚಿಸಿದರು. ಬಯಲು ಐನೂರಕ್ಕೆ ಇಳಿದಿತ್ತು. ಬೇಲಿಯ ತಂತಿ ಸಡಿಲಾಗಿ ಜೋತುಬಿದ್ದು, ಒಗೆದ ಬಟ್ಟೆ ಹರವಲು ಅನುಕೂಲವಾಯಿತು. ಕೆರೆ ಮುನ್ನೂರು ಹೆಜ್ಜೆ ಹತ್ತಿರ ಬಂತು. ನೀರು ತರುವವರು, "ಏನೇ ಅನ್ರಿ, ಈ ಸಾಹೇಬ್ರು ಬಂದ ಮೇಲೆ ಕೆಲಸ ಆಗ್ತೈತೆ" ಎಂದು ಹೊಗಳಿದರು. ಕಂಬಗಳು ಹತ್ತಿರ ಹತ್ತಿರ ಬಂದದ್ದನ್ನು ಕಂಡು, ಬೇಲಿ ಈಗ ಮೊದಲಿಗಿಂತ ಭದ್ರವಾಗಿದೆ ಎಂದು ಸಾಹೇಬರು ಮೇಲಕ್ಕೆ ಬರೆದರು.

ಹೊನ್ನೂರಪ್ಪ ದಿನಾ ಬೇಲಿಯ ಹೊರಗೆ ನಿಂತು ಎಣಿಸುತ್ತಿದ್ದ. ಬಯಲು ಇನ್ನೂರ ಮೂವತ್ತಾದ ದಿನ ನೇರ ಗುಡಿಗೆ ಬಂದ.

"ಅಯ್ನೋರೆ, ಆಣೆ ಬಿಡಿಸ್ರಿ. ನಾನೊಬ್ಬನೇ ಹೋಗಿ ತುಳೀತೀನಿ. ಯಾರಿಗೂ ಹೇಳಲ್ಲ."

"ಯಾರಿಗೂ ಅಂದ್ರೆ? ಒಳಗೆ ಕೂತಿದಾನಲ್ಲಪ್ಪ, ಅವನಿಗೆ?"

"ಅವನಿಗೆ ನಮ್ಮ ಮನೇದು ಗೊತ್ತಿಲ್ವ? ಏಕಾದಶಿಗೆ ಇನ್ನು ಇಪ್ಪತ್ತೈದು ದಿನ. ಇವತ್ತೂ ಕೇಳಿದ್ಲು, ಪಟಕ್ಕೆ ಕಾಗದ ತಂದ್ರಾ ಅಂತ. ಈ ಸಲ ಗಾಳಿ ಸರಿ ಇಲ್ಲ ಕಣೆ ಅಂದೆ. ಸೆರಗು ಹಾರಿ ಮುಖಕ್ಕೆ ಬಡೀತೈತೆ, ಗಾಳಿ ಇಲ್ವಂತೆ ಅಂದ್ಲು."

ನಾನು ಶಾಸ್ತ್ರ ಹೇಳಿದೆ. ಇಟ್ಟ ಆಣೆ ಕೈಯಿಂದ ಬಿಟ್ಟ ಬಾಣದ ಹಾಗೆ, ಶಿವನಿಗೂ ಹಿಂದೆ ಕರೆಸಲಾಗದು ಎಂದೆಲ್ಲ. ಬಾಯಿಗೆ ಸಲೀಸಾಗಿ ಬಂತು. ಅವನು ಕೇಳಿಸಿಕೊಂಡು, ತೀರ್ಥ ತೆಗೆದುಕೊಂಡು, ಮೂರು ಪ್ರದಕ್ಷಿಣೆ ಹಾಕಿ ಹೋದ. ನನ್ನ ಅಂಗಳಕ್ಕೆ ಕಾಲು ಹಾಕಿ ಹೋದ ಅನ್ನುವುದು ಆಗ ನನಗೆ ಹೊಳೆಯಲಿಲ್ಲ.

ಅಂತೂ ಅನುಮತಿ ಬಂತು. ಸಂಘದ ಸದಸ್ಯರು ದಿನಕ್ಕೆ ಎರಡು ಹೊತ್ತು ಬಯಲಿನಲ್ಲಿ ವಿಹರಿಸಬಹುದು, ರುಜು, ಮೊಹರು. ಶುಭದಿನವೆಂದು ಆಷಾಢ ಏಕಾದಶಿಯೇ ಗೊತ್ತಾಯಿತು. ಬ್ಯಾಂಡಿನವರು ಬಂದರು. ಮೇಷ್ಟ್ರಿಗೆ ಸೇವಂತಿಗೆ ಹಾರ. ಹೆಂಡತಿಗೆ ನಿಜ ಹೇಳಲಾಗದೆ ಹೊನ್ನೂರಪ್ಪ ಬಾಗಿಲಪಟ ಹೊತ್ತು ತಂದಿದ್ದ. ಹಟ ಹಿಡಿದು ಹಾಲವ್ವನೂ ಅವನ ಭುಜ ಹಿಡಿದು ಬಂದಿದ್ದಳು. ಸಾಹೇಬರು ರಿಬ್ಬನ್ ಕತ್ತರಿಸಿದರು, ಬಾಗಿಲು ತೆರೆಯಿತು, ಬ್ಯಾಂಡು ತಾನಾಗಿಯೇ ನಿಂತಿತು.

ಬೇಲಿಯ ಕಂಬಗಳೆಲ್ಲ ಚಳಿ ಹಿಡಿದವರಂತೆ ಒತ್ತೊತ್ತಾಗಿ ನಿಂತಿದ್ದವು. ಅವುಗಳ ನಡುವೆ ತಂತಿ ಕಳ್ಳಿಪೊದೆಯಂತೆ ಸುತ್ತಿಕೊಂಡಿತ್ತು. ಅದರೊಳಗೆ ಒಂದು ಜಮಖಾನೆ ಹಾಸುವಷ್ಟು ಜಾಗ. ಅದರ ಬೆನ್ನಿಗೇ ಕೆರೆಯ ನೀರು ಚಳಕ್ ಚಳಕ್ ಅನ್ನುತ್ತಿತ್ತು.

ಮೇಷ್ಟ್ರು ದೊಡ್ಡವರು. ಎದೆಗುಂದಲಿಲ್ಲ. "ಬಂಧುಗಳೇ, ಇಂದು ನಮಗೆ ಸಂಪೂರ್ಣ ಜಯ ಸಿಕ್ಕಿದೆ. ಸದಸ್ಯರು ನಾಲ್ಕು ನಾಲ್ಕು ಜನರಂತೆ ಸರದಿಯಲ್ಲಿ ಒಳಗೆ ಹೋಗಿ ವಿಹರಿಸಬೇಕಾಗಿ ವಿನಂತಿ" ಅಂದರು.

"ಏನ್ರೀ, ಯಾಕೆ ಯಾರೂ ಮಾತಾಡ್ತಿಲ್ಲ?" ಹಾಲವ್ವ ಕೇಳಿದಳು. "ಎಷ್ಟು ಹೆಜ್ಜೆ ಐತೆ?"

ಹೊನ್ನೂರಪ್ಪ ಪಟದ ಹಿಂದೆ ಮುಖ ಮರೆಸಿಕೊಂಡ. ನಾನೇ ಹೇಳಬೇಕಾಯಿತು. "ನಾಲ್ಕು, ತಾಯಿ." ಆಣೆಯ ಸಂಗತಿಯೂ ಅಲ್ಲೇ ಹೊರಬಿತ್ತು.

ಅವಳು ನನ್ನ ದನಿಯ ಕಡೆ ತಿರುಗಿದಳು. "ಹಂಗಾರೆ ಆಣೆ ಇಟ್ಟೋರು ತುಳೀಲಿಲ್ಲ. ನೀವೂ ಇಟ್ಟಿದ್ರಾ ಅಯ್ನೋರೆ?"

"ಇಲ್ಲ ತಾಯಿ. ನಾನು ಇಡಿಸಿದ್ದು."

"ಮತ್ತೆ ನಿಮ್ಮ ಕಾಲಿಗೆ ಏನಾಗಿತ್ತು?"

ಐವತ್ತು ವರ್ಷ ಪುರಾಣ ಹೇಳಿದ ಬಾಯಿ ನನ್ನದು. ತಲೆ ಬಗ್ಗಿಸಿ ಕಾಲಿನ ಮರದ ಹಾವುಗೆ ನೋಡಿಕೊಂಡೆ. ಬೇಲಿ ದಾಟಲು ನನಗಿದ್ದ ತಡೆ ಆ ಬೋರ್ಡು ಮಾತ್ರ. ಅವಳಿಗೆ ಅದೂ ಇರಲಿಲ್ಲ, ಕಾಣುವುದಿಲ್ಲವಲ್ಲ. ಗಂಡನ ಭುಜ ಬಿಟ್ಟು, ಕಂಬ ತಡವಿಕೊಂಡು ಬರಿಗಾಲಲ್ಲಿ ಒಳಗೆ ಹೋದಳು. ನಾಲ್ಕು ಹೆಜ್ಜೆಗೆ ನೀರು ತಾಗಿತು. ಹಿಂದಕ್ಕೆ ಬಂದು ನಡುವೆ ನಿಂತು, ಕೈಮುಗಿದು, ನಿಂತಲ್ಲೇ ಬಲಕ್ಕೆ ತಿರುಗತೊಡಗಿದಳು. ದೇವರ ಸುತ್ತ ಜಾಗವಿಲ್ಲದಾಗ ನಾವು ಹಾಕುವ ಆತ್ಮಪ್ರದಕ್ಷಿಣೆ. ಒಂದು, ಎರಡು, ಮೂರು. ಅವಳ ಹಿಮ್ಮಡಿಯ ಕೆಳಗೆ ಮಣ್ಣು ಹಸುವಿನ ಚರ್ಮದಂತೆ ಒಮ್ಮೆ ಅದುರಿತು. ಕೆರೆ ಒಂದು ಗೇಣು ಹಿಂದಕ್ಕೆ ಸರಿಯಿತು.

ನಾನು ಹಾವುಗೆ ಕಳಚಿದೆ. ಹೊನ್ನೂರಪ್ಪ ಪಟ ಬದಿಗಿಟ್ಟು ಬಂದ. ಕೊಟ್ರೇಶಿ ಬಂದ, ಅವನ ಹೊಟ್ಟೆ ಒಳಗೆ ಬಂದದ್ದರಿಂದ ಇನ್ನಿಬ್ಬರು ಹೊರಗೆ ಉಳಿಯಬೇಕಾಯಿತು. ಸಂಜೆಯ ಹೊತ್ತಿಗೆ ಏಳು ಹೆಜ್ಜೆಯಾಯಿತು. ಏಳು ಹೆಜ್ಜೆಯಲ್ಲಿ ಬಾಗಿಲಪಟ ಏಳುವುದಿಲ್ಲ. ಆ ವರ್ಷ ಊರಿಗೆ ಮೊರೆತ ಕೇಳಲಿಲ್ಲ. ಹಾಲವ್ವ ಮನೆಗೆ ಹೋಗುವಾಗ ಇಷ್ಟೇ ಅಂದಳು, "ನಾಳೆ ಎಷ್ಟೊತ್ತಿಗೆ ಬರಣ?"

ಮೊದಲ ವಾರ ಊರಿಗೆ ಊರೇ ಬಂತು. ಆಮೇಲೆ ಶಿಸ್ತಿರಲಿ ಎಂದು ಸಂಘ ಸರದಿಪಟ್ಟಿ ಮಾಡಿತು. ಪಟ್ಟಿಯಾದ ಮೇಲೆ ಯಾರೂ ಬರಲಿಲ್ಲ, ಪ್ರತಿಯೊಬ್ಬರಿಗೂ ತಮ್ಮ ಸರದಿ ನಾಳೆಯದು. ಉಳಿದವರು ನಾವು ನಾಲ್ಕು ಜನ, ಹಾಲವ್ವ, ಹೊನ್ನೂರಪ್ಪ, ಕೊಟ್ರೇಶಿ, ನಾನು. ಕುಗ್ಗುವಾಗ ದಿನಕ್ಕೆ ಎಂಟು ಹತ್ತು ಹೆಜ್ಜೆ ಕುಗ್ಗಿದ ನೆಲ, ಹಿಗ್ಗುವಾಗ ಎರಡು ದಿನಕ್ಕೆ ಒಂದು ಹೆಜ್ಜೆ ಹಿಗ್ಗಿತು. ಬೆಳಗ್ಗೆ ಪೂಜೆ ಮುಗಿಸಿ ನಾನು ಸುತ್ತುತ್ತಿದ್ದೆ. ಹೊಲಿಗೆಯ ನಡುವೆ ಎದ್ದು ಬಂದು ಹೊನ್ನೂರಪ್ಪ ಸುತ್ತುತ್ತಿದ್ದ. ಹಾಲವ್ವ ಒಂದು ಹಗ್ಗ ಹಿಡಿದು ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದಳು. ಹಗ್ಗಕ್ಕೆ ದಿನ ಬಿಟ್ಟು ದಿನ ಒಂದು ತುಂಡು ಗಂಟು ಹಾಕುತ್ತಿದ್ದೆವು. ಅಷ್ಟು ಸುತ್ತುಗಳಲ್ಲಿ ನನಗೆ ಶಿವನ ಬಗ್ಗೆ ಒಂದು ಹೊಸ ವಿಷಯವೂ ತಿಳಿಯಲಿಲ್ಲ. ಮೊಣಕಾಲಿನ ಬಗ್ಗೆ ಬಹಳ ತಿಳಿಯಿತು. ಕೆರೆ ದೂರ ಹೋಯಿತೆಂದು ನಮ್ಮ ಮೇಲೆ ಪುರಸಭೆಗೆ ದೂರು ಕೊಟ್ಟವರೂ ಇದ್ದರು.

ಮುಂದಿನ ಆಷಾಢ ಏಕಾದಶಿಯ ಹಿಂದಿನ ದಿನ ಹೊನ್ನೂರಪ್ಪ ಎಣಿಸಿದ. ಎಣಿಸಿ ಕೂತುಬಿಟ್ಟ. ಮತ್ತೆ ಎದ್ದು ಎಣಿಸಿದ. ಸರಿಯಾಗಿ ಇನ್ನೂರು. ಹಾಲವ್ವ ಹಗ್ಗದ ಗಂಟುಗಳನ್ನು ಒಂದೊಂದಾಗಿ ಮುಟ್ಟಿ, "ಹೌದು ಕಣ್ರೀ" ಅಂದಳು.

ಮರುದಿನ ಬೆಳಗ್ಗೆ ಪಟ ಹೊತ್ತು ಬಂದರೆ ಬಯಲಿನ ಪಶ್ಚಿಮದ ತುದಿಯಲ್ಲಿ ಅಡ್ಡಲಾಗಿ ವೇದಿಕೆ! ಅಗಲ ಹನ್ನೆರಡು ಹೆಜ್ಜೆ. ಮೇಲೆ ಶಾಮಿಯಾನವಿಲ್ಲ, ಗಾಳಿಗೆ ಕಿತ್ತುಹೋಗಿತ್ತು. ಕುರ್ಚಿಗಳು, ಮೇಜು, ಮೇಜಿನ ಮೇಲೆ ಹೂಜಿ. ಸಂಘದ ವಿಜಯೋತ್ಸವದ ವಾರ್ಷಿಕ ಸಮಾರಂಭ. ಸಾಹೇಬರೇ ಮುಖ್ಯ ಅತಿಥಿಗಳು, ಬಯಲನ್ನು ಉಳಿಸಿದ್ದಕ್ಕೆ ಅವರಿಗೆ ಸನ್ಮಾನ. ಎಲ್ಲರೂ ಬೂಟು ಚಪ್ಪಲಿ ಹಾಕಿಕೊಂಡು ಸಾಲಾಗಿ ಕೂತಿದ್ದರು. ಮೇಷ್ಟ್ರು ಮೈಕಿನ ಮುಂದೆ.

"ಮೇಷ್ಟ್ರೆ, ಇದನ್ನ ಒಂಚೂರು ಆಚೆಗೆ ಸರಿಸ್ಬಹುದಿತ್ತಲ್ಲ" ಅಂದ ಹೊನ್ನೂರಪ್ಪ.

"ಆಚೆಗೆ ಕೆರೆ ಐತಲ್ಲಪ್ಪ."

"ಈಚೆಗೆ, ಬಯಲಿನ ಹೊರಕ್ಕೆ?"

"ಈಚೆಗೆ ಬಿಸಿಲು. ಕಾರ್ಯಕ್ರಮ ಮುಗೀಲಿ ತಡಿ, ಮಧ್ಯಾಹ್ನದ ಮೇಲೆ ಹಾರಿಸೀಯಂತೆ. ಪಟ ಎಲ್ಲಿಗೆ ಹೋಗ್ತದೆ?"

"ಮಧ್ಯಾಹ್ನಕ್ಕೆ ಗಾಳಿ ಬೀಳ್ತೈತೆ ಮೇಷ್ಟ್ರೆ."

"ಅಧ್ಯಕ್ಷ ಭಾಷಣಕ್ಕೆ ಅಡ್ಡಿ ಮಾಡಬಾರ್ದು" ಎಂದು ಮೇಷ್ಟ್ರು ಕನ್ನಡಕ ಒರೆಸಿದರು.

ಹೊನ್ನೂರಪ್ಪ ತಿರುಗಿ ಪೂರ್ವದ ತುದಿಗೆ ನಡೆದು ಬಂದ. ಅಲ್ಲಿ ಹಾಲವ್ವ ಕೂತಿದ್ದಳು. ಪಟ ಎತ್ತಿ ಹಿಡಿಯಲು ನಾನು ನಿಂತಿದ್ದೆ. ಅವಳು ಮೈಕಿನ ಸದ್ದು ಎಷ್ಟು ದೂರದಿಂದ ಬರುತ್ತಿದೆ ಎಂದು ಕಿವಿಗೊಟ್ಟಳು. "ನೂರ ಎಂಬತ್ತೆಂಟು" ಅಂದಳು. ಅವನು ನನ್ನ ಮುಖ ನೋಡಿದ. ನಾನು ಶಾಸ್ತ್ರ ಹೇಳಬಹುದಿತ್ತು. ಬದಲಿಗೆ ಪಟವನ್ನು ತಲೆಯ ಮೇಲಕ್ಕೆ ಎತ್ತಿದೆ.

"ಓಡಪ್ಪ" ಅಂದೆ.

ಓಡಿದ. ಅರವತ್ತಾರು ವರ್ಷದ ದರ್ಜಿ, ಪಂಚೆ ಮೇಲಕ್ಕೆ ಕಟ್ಟಿ, ದಾರ ಹೆಗಲ ಮೇಲೆ ಎಳೆದುಕೊಂಡು. ಐವತ್ತಕ್ಕೆ ದಾರ ಬಿಗಿಯಿತು, ಪಟ ನನ್ನ ಕೈ ಬಿಟ್ಟಿತು. ನೂರಕ್ಕೆ ಅದು ನೆಲ ಸವರುತ್ತ ಹೋಯಿತು. ನೂರೈವತ್ತಕ್ಕೆ ವೇದಿಕೆಯವರು ಕಂಡರು, ಕೈಬೀಸಿ ಹರಸಿದರು. ಪಾಪ, ನಿಲ್ಲುತ್ತಾನೆ ಅಂದುಕೊಂಡಿದ್ದರು. ನೂರ ಎಂಬತ್ತೆಂಟಕ್ಕೆ ಅವನು ಮೆಟ್ಟಿಲಿನ ಮೇಲಿದ್ದ. ನೂರ ತೊಂಬತ್ತಕ್ಕೆ ಪಟ ಮೂಗೆತ್ತಿತು. ಆಮೇಲೆ ಕುರ್ಚಿ, ಮೇಜು, ಹೂಜಿ, ಮೈಕು, ಸನ್ಮಾನದ ಹಣ್ಣಿನ ಬುಟ್ಟಿ, ಒಂದೊಂದು ಹೆಜ್ಜೆಗೆ ಒಂದೊಂದು. ಮೇಷ್ಟ್ರು 'ಬಂಧುಗಳೇ' ಅನ್ನುವುದರೊಳಗೆ ಮೇಜಿನ ಅಡಿಯಲ್ಲಿದ್ದರು. ಸಾಹೇಬರು ಪಕ್ಕಕ್ಕೆ ಜಿಗಿದರು, ಒಂದು ಬೂಟು ಕಳಚಿ ವೇದಿಕೆಯ ಮೇಲೇ ಉಳಿಯಿತು, ಕಾಲುಚೀಲ ಸಮೇತ. ನಮ್ಮೂರಿಗೆ ಬಂದ ಒಂದೂಕಾಲು ವರ್ಷಕ್ಕೆ ಮೊದಲ ಬಾರಿ ಅವರ ಒಂದು ಬರಿಗಾಲು ಬಯಲಿನ ಮೇಲೆ ಬಿತ್ತು.

ಇನ್ನೂರನೆಯ ಹೆಜ್ಜೆಗೆ ಹೊನ್ನೂರಪ್ಪ ವೇದಿಕೆಯ ಆಚೆಯಂಚಿನಲ್ಲಿ ನಿಂತು ದಾರ ಜಗ್ಗಿದ. ಬಾಗಿಲಪಟ ಎದ್ದಿತು. ಮೊದಲು ಹುಣಸೆಮರದಷ್ಟು, ಆಮೇಲೆ ನನ್ನ ಗುಡಿಯ ಶಿಖರದಷ್ಟು, ಆಮೇಲೆ ಅಳೆಯಲಾಗದಷ್ಟು. ತಾಳೆಗರಿ ಗುಂಯ್ ಅಂದಿತು. ಮೈಕು ಬಿದ್ದಲ್ಲಿಂದಲೇ ಆ ಮೊರೆತವನ್ನು ಹಿಡಿದು ಊರ ಮೂಲೆಮೂಲೆಗೂ ಹಂಚಿತು. ಸಂಘದ ಸಮಾರಂಭಗಳಲ್ಲಿ ಜನ ಪೂರ್ತಿ ಕೇಳಿದ ಭಾಷಣ ಅದೊಂದೇ.

ನಾನು ಹಾಲವ್ವನ ಪಕ್ಕ ಕೂತೆ. ಅವಳು ಮುಖವೆತ್ತಿ, ಕಣ್ಣು ಮುಚ್ಚಿ ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು. ಕೆನ್ನೆ ಒದ್ದೆಯಾಗಿತ್ತು.

"ಎಡಗಡೆ ಸೂತ್ರ ಒಂದು ಬೆರಳು ಸಡ್ಲ" ಅಂದಳು. "ಬರ್ಲಿ ಮನೆಗೆ."